ಹಳೆಯ ಬೈಸಿಕಲ್: ಕಾಲಬಾಹ್ಯವೋ, ಕಾಲಾತೀತವೋ?

ಮೋಟಾರು ವಾಹನಗಳ ಭರಾಟೆಯಲ್ಲಿ ಕಪ್ಪು ಬಣ್ಣದ ಹಳೆಯ ಬೈಸಿಕಲ್ ಅನೇಕ ಮನೆಗಳಲ್ಲಿ ಮೂಲೆ ಸೇರಿದೆ. 1951ರಲ್ಲಿ ಸ್ಥಾಪಿತವಾದ ಅಟ್ಲಾಸ್ ಸಂಸ್ಥೆಯ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು, ವಿಶ್ವ ಬೈಸಿಕಲ್ ದಿನದಂದೇ, ಮುಚ್ಚಿತು. ಹಾಗಾದರೆ ಈ ವಾಹನವನ್ನು ಗುಜರಿಗೆ ಹಾಕುವುದೇ ಸರಿಯೆ? ಲೆಕ್ಕಪುಸ್ತಕದಲ್ಲಿ ಸವಕಳಿ ಬರೆದು ಮುಗಿಸಿದ ಮಾತ್ರಕ್ಕೆ ವಸ್ತುವಿನ ಉಪಯುಕ್ತತೆ ಮುಗಿಯುವುದಿಲ್ಲ.

ಇದರ ಗುಣವು ರಚನೆಯಲ್ಲಿಯೇ ಇದೆ. ಉದ್ದನೆಯ ಉಕ್ಕಿನ ಚೌಕಟ್ಟು ಮತ್ತು 28 ಅಂಗುಲದ ಚಕ್ರಗಳು ಹೊರೆ ಹೊತ್ತಾಗಲೂ ಸ್ಥಿರವಾಗಿ ಸಾಗುತ್ತವೆ. ದೂರಪ್ರಯಾಣಕ್ಕೆಂದು ಇಂದು ತಯಾರಾಗುವ ಬೆಲೆಬಾಳುವ ಬೈಸಿಕಲ್ಲುಗಳಲ್ಲಿಯೂ ಹಲವು ಉಕ್ಕಿನವೇ. ಮುರಿದರೆ ಸಣ್ಣ ಊರಿನಲ್ಲಿಯೂ ಬೆಸುಗೆ ಹಾಕಿಸಬಹುದು. ಸವಾರನು ನೆಟ್ಟಗೆ ಕುಳಿತುಕೊಳ್ಳುವುದರಿಂದ ಕತ್ತು, ಮಣಿಕಟ್ಟುಗಳ ಮೇಲೆ ಭಾರ ಕಡಿಮೆ. ದೇಹದ ತೂಕವನ್ನು ಬಹುಪಾಲು ಸೀಟು ಹೊರುವುದರಿಂದ ಮೊಣಕಾಲುಗಳಿಗೆ ಓಟದಷ್ಟು ಆಘಾತವಿಲ್ಲ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ವ್ಯಾಯಾಮ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನಗಳ ಸವಾರಿಯಿಂದ ಅದು ಪೂರೈಸುತ್ತದೆ.

ದೋಷಗಳೂ ಇವೆ. ಮುಂದಿನ ಹಲ್ಲುಚಕ್ರದಲ್ಲಿ 44, ಹಿಂದಿನದರಲ್ಲಿ 18 ಹಲ್ಲುಗಳಿದ್ದರೆ ಪೆಡಲಿನ ಒಂದು ಸುತ್ತಿಗೆ ಬೈಸಿಕಲ್ ಸುಮಾರು ಐದೂವರೆ ಮೀಟರ್ ಮುಂದೆ ಸಾಗಬೇಕು. ಸಮತಟ್ಟಾದ ನೆಲದಲ್ಲಿ ಇದು ಹಿತಕರ. ಆದರೆ ಸಿಂಹಾಚಲದ ಬೆಟ್ಟಗಳಿಗೆ ಸಮೀಪವಿರುವ ಪೆಂಡುರ್ತಿಯಂತಹ ಕಡೆ ಏರು ಎದುರಾದರೆ ಮೊಣಕಾಲು ನೋಯುತ್ತದೆ. ಹಿಂದೆ 22 ಹಲ್ಲುಗಳ ಚಕ್ರ ಹಾಕಿಸಿದರೆ ಈ ದೂರ ನಾಲ್ಕೂವರೆ ಮೀಟರಿಗೆ ಇಳಿದು ಶ್ರಮ ತಗ್ಗುತ್ತದೆ. ಕಡ್ಡಿಯ ಬ್ರೇಕಿನದು ಇದಕ್ಕಿಂತ ಗಂಭೀರ ದೋಷ. ಮಳೆಯಲ್ಲಿ ಉಕ್ಕಿನ ರಿಮ್ ಒದ್ದೆಯಾದಾಗ ಬ್ರೇಕಿನ ಹಿಡಿತ ಬಹಳ ಕುಗ್ಗುತ್ತದೆ. ಬಸ್ಸು, ಲಾರಿಗಳು ಓಡಾಡುವ ರಸ್ತೆಯಲ್ಲಿ ಇದು ಪ್ರಾಣಾಪಾಯಕ್ಕೆ ಎಡೆಮಾಡಬಹುದು. ವಿಶಾಖಪಟ್ಟಣದಂತಹ ಕಡಲತೀರದ ಊರುಗಳಲ್ಲಿ ಉಪ್ಪುಗಾಳಿಯಿಂದ ತುಕ್ಕು ಬೇಗ ಹಿಡಿಯುವುದರಿಂದ ಆಗಾಗ ಒರೆಸಿ, ಚೈನಿಗೆ ಎಣ್ಣೆ ಹಾಕುವುದು ಅಗತ್ಯ.

ಆದುದರಿಂದ ಹಳೆಯ ಬೈಸಿಕಲ್ಲನ್ನು ಮತ್ತೆ ಹೊರತೆಗೆಯುವವರು ಮೊದಲು ಬ್ರೇಕಿನ ರಬ್ಬರು, ಟಯರು, ದೀಪಗಳನ್ನು ಪರೀಕ್ಷಿಸಬೇಕು. ಪೆಡಲು ಕೆಳಗಿರುವಾಗ ಮೊಣಕಾಲು ಸ್ವಲ್ಪವೇ ಮಡಿಚಿರುವಂತೆ ಸೀಟಿನ ಎತ್ತರವನ್ನು ಹೊಂದಿಸಬೇಕು. ಮಳೆಯಲ್ಲಿ ಸವಾರಿ ಬೇಡ. ಹೃದ್ರೋಗ ಅಥವಾ ತೀವ್ರ ಕೀಲುನೋವು ಇರುವವರು ವೈದ್ಯರ ಸಲಹೆ ಪಡೆದೇ ಆರಂಭಿಸುವುದು ಕ್ಷೇಮ.

ಚೌಕಟ್ಟು ಕಾಲಾತೀತ, ಬ್ರೇಕು ಕಾಲಬಾಹ್ಯ; ಇವೆರಡನ್ನೂ ಅರಿತು ತಕ್ಕ ದುರಸ್ತಿ ಮಾಡಿಸಿಕೊಂಡರೆ ಅಜ್ಜನ ಬೈಸಿಕಲ್ ಮೊಮ್ಮಗನನ್ನೂ ಹೊತ್ತೀತು.