ಆಟ ಅನ್ನ ಹಾಕುತ್ತದೆಯೇ?
(ಕಾಲ್ಚೆಂಡಿನ ಅಹ್ಮದ್ ಖಾನರ ಬಾಳಿನಿಂದ ಒಂದು ಪಾಠ)

ಆಟವೆಂದರೆ ಬಿಡುವಿನ ವೇಳೆಯ ವಿನೋದ ಎಂಬುದು ನಮ್ಮಲ್ಲಿ ಬಹುಮಂದಿಯ ಭಾವನೆ. "ಆಟ ಅನ್ನ ಹಾಕುತ್ತದೆಯೇನಪ್ಪ?" ಎಂದು ಹಿರಿಯರು ಕೇಳುತ್ತಾರೆ. ಅದು ತಾತ್ಸಾರದ ಮಾತಲ್ಲ. ಮಳೆಯನ್ನು ನಂಬಿ ಬಾಳಿದವರ ಮಾತು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಹಳ್ಳಿಗಳಿಂದ ಚಿತ್ರದುರ್ಗದ ಕಾಲೇಜಿಗೆ ಬಂದು, ಮನೆತನಕ್ಕೇ ಮೊದಲ ಪದವೀಧರರಾಗಲಿರುವ ನನ್ನಂಥವರು ಆ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ. ಅದಕ್ಕೆ ಉತ್ತರವನ್ನು ನಮ್ಮ ನಾಡಿನವರೇ ಆದ ಒಬ್ಬ ಆಟಗಾರರ ಬಾಳಿನಲ್ಲಿ ಹುಡುಕಬಹುದು.

ಅಹ್ಮದ್ ಖಾನರು ಹುಟ್ಟಿದ್ದು 1926ರಲ್ಲಿ, ಬೆಂಗಳೂರಿನಲ್ಲಿ. ಆಗ ಆ ನಗರದ ದಂಡು ಪ್ರದೇಶದಲ್ಲಿ ಕಾಲ್ಚೆಂಡು ಬಹು ಜನಪ್ರಿಯವಾಗಿತ್ತು. 1946-47ರಲ್ಲಿ ಮೈಸೂರು ತಂಡ ಸಂತೋಷ್ ಟ್ರೋಫಿಯನ್ನು ಗೆದ್ದಿತೆಂದರೆ ಇಲ್ಲಿನ ಆಟದ ಮಟ್ಟ ಎಷ್ಟಿತ್ತೆಂದು ಊಹಿಸಬಹುದು. 1948ರಲ್ಲಿ ಸ್ವತಂತ್ರ ಭಾರತದ ತಂಡ ಲಂಡನ್ ಒಲಿಂಪಿಕ್ಸಿಗೆ ಹೋದಾಗ ಅದರಲ್ಲಿ ಬೆಂಗಳೂರಿನ ಹಲವರಿದ್ದರು. ಅಹ್ಮದ್ ಖಾನರೂ ಅವರಲ್ಲೊಬ್ಬರು. ತಂಡದಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿಯೇ ಆಡಿದರು. ಫ್ರಾನ್ಸಿನ ಎದುರು ಬೆಂಗಳೂರಿನವರೇ ಆದ ರಾಮನ್ ಒಂದು ಗೋಲು ಹೊಡೆದರು. ಆದರೆ ಎರಡು ಪೆನಾಲ್ಟಿಗಳು ವ್ಯರ್ಥವಾದವು. ಭಾರತ 1-2ರಿಂದ ಸೋತಿತು. ಸೋತರೂ ನೋಡಿದವರ ಮೆಚ್ಚುಗೆಗೆ ಪಾತ್ರವಾಯಿತು.

ಮರುವರ್ಷ, 1949ರಲ್ಲಿ, ಅವರು ಕಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ಬನ್ನು ಸೇರಿದರು. ತಮ್ಮ ಊರಿನಲ್ಲಿಯೇ ಆಟವಿರುವಾಗ ಅಷ್ಟು ದೂರ ಹೋದದ್ದೇಕೆ? ಕಾರಣ ಸರಳ. ಕುಶಲಕರ್ಮಿಯು ತನ್ನ ಕೆಲಸಕ್ಕೆ ಬೆಲೆಯಿರುವ ಪೇಟೆಯನ್ನು ಹುಡುಕಿಕೊಂಡು ಹೋಗುತ್ತಾನೆ. ಕಾಲ್ಚೆಂಡಿಗೆ ಅಂದು ಕಲ್ಕತ್ತವೇ ದೊಡ್ಡ ಪೇಟೆ. ದೊಡ್ಡ ಲೀಗು, ಸಾವಿರಾರು ಪ್ರೇಕ್ಷಕರು, ಆಟಗಾರರನ್ನು ಇಟ್ಟುಕೊಂಡು ಸಾಕಬಲ್ಲ ಕ್ಲಬ್ಬುಗಳು ಅಲ್ಲಿದ್ದವು.

ಇಲ್ಲೊಂದು ಸೂಕ್ಷ್ಮವಿದೆ. ಅಂದಿನ ಒಲಿಂಪಿಕ್ಸಿನಲ್ಲಿ ಹಣಕ್ಕಾಗಿ ಆಡುವವರಿಗೆ ಪ್ರವೇಶವಿರಲಿಲ್ಲ. ಆದುದರಿಂದ ನಮ್ಮ ಆಟಗಾರರು ಹೆಸರಿಗೆ ಹವ್ಯಾಸಿಗಳು. ಊಟ, ವಸತಿ, ಕೈಖರ್ಚು, ಎಲ್ಲಾದರೂ ಒಂದು ನೌಕರಿ, ಇವುಗಳ ರೂಪದಲ್ಲಿ ಆಟದ ಪ್ರತಿಫಲ ದೊರೆಯುತ್ತಿತ್ತು. ಆಟವನ್ನೇ ವೃತ್ತಿಯೆಂದು ಬಹಿರಂಗವಾಗಿ ಹೇಳಿಕೊಂಡು ಕರಾರಿನ ಮೇಲೆ ಸಂಬಳ ಪಡೆಯುವ ಪದ್ಧತಿ ನಮ್ಮ ದೇಶದಲ್ಲಿ ಬೇರೂರಿದ್ದು ಬಹಳ ತಡವಾಗಿ. ರಾಷ್ಟ್ರೀಯ ಲೀಗು ಆರಂಭವಾದದ್ದೇ 1996ರಲ್ಲಿ.

ಅಂದು ತಂಡದ ಮುಂದಿನ ಸಾಲಿನಲ್ಲಿ ಐವರು ಆಡುತ್ತಿದ್ದರು. ಈಸ್ಟ್ ಬೆಂಗಾಲಿನ ಆ ಐವರೂ ದಕ್ಷಿಣದವರು: ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್ ಮತ್ತು ಸಾಲೆ. ಬಂಗಾಳದ ಜನ ಅವರನ್ನು 'ಪಂಚಪಾಂಡವರು' ಎಂದು ಕರೆದರು. ಇದರಲ್ಲಿ ಒಂದು ಸ್ವಾರಸ್ಯವಿದೆ. ದೇಶ ವಿಭಜನೆಯಿಂದ ಪೂರ್ವ ಬಂಗಾಳವನ್ನು ಬಿಟ್ಟು ಬಂದ ನಿರಾಶ್ರಿತರಿಗೆ ಆ ಕ್ಲಬ್ಬು ಕಳೆದುಹೋದ ಊರಿನ ಗುರುತಾಗಿತ್ತು. ಆ ಗುರುತನ್ನು ಎತ್ತಿಹಿಡಿದವರು ಅವರ ಭಾಷೆಯೇ ಅಲ್ಲದ ನಾಡುಗಳಿಂದ ಬಂದವರು! 1949, 1950, 1951, ಹೀಗೆ ಮೂರು ವರ್ಷ ಒಂದರಮೇಲೊಂದರಂತೆ ಐ.ಎಫ್.ಎ. ಶೀಲ್ಡ್ ಈಸ್ಟ್ ಬೆಂಗಾಲಿಗೆ ಬಂದಿತು.

ಅಹ್ಮದ್ ಖಾನರ ಸ್ಥಾನ ಒಳ-ಎಡ. ಆ ಸ್ಥಾನದವನು ಗೋಲು ಹೊಡೆಯುವುದಕ್ಕಿಂತ ಹೆಚ್ಚಾಗಿ, ಹಿಂದಿನಿಂದ ಬಂದ ಚೆಂಡನ್ನು ಹಿಡಿದು, ಎದುರಾಳಿಗಳನ್ನು ತನ್ನತ್ತ ಸೆಳೆದು, ತೆರವಾದ ಜಾಗಕ್ಕೆ ಚೆಂಡನ್ನು ಒದಗಿಸಬೇಕು. ಚೆಂಡು ಅವರ ಕಾಲಿಗೆ ಅಂಟಿಕೊಂಡಂತಿರುತ್ತಿದ್ದುದರಿಂದ ಅವರಿಗೆ 'ಹಾವಾಡಿಗ' ಎಂಬ ಅಡ್ಡಹೆಸರೂ ಬಂದಿತ್ತು. 1951ರಲ್ಲಿ ದಿಲ್ಲಿಯ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಗೆದ್ದ ತಂಡದಲ್ಲಿ ಅವರಿದ್ದರು. 1952ರ ಹೆಲ್ಸಿಂಕಿಯಲ್ಲಿ ಭಾರತ ಯುಗೊಸ್ಲಾವಿಯಕ್ಕೆ 1-10ರಿಂದ ಶರಣಾದಾಗ, ಆ ಒಂದು ಗೋಲು ಅವರದು. ಚಳಿಯ ನಾಡಿನಲ್ಲಿ ಬರಿಗಾಲು ಸಾಗದೆಂಬುದು ಆ ಸೋಲಿನಿಂದ ಮನದಟ್ಟಾಯಿತು. ಅನಂತರ ನಮ್ಮಲ್ಲಿ ಬೂಟು ಕಡ್ಡಾಯವಾಯಿತು.

1959ರವರೆಗೆ, ಅಂದರೆ ಸುಮಾರು ಹತ್ತು ವರ್ಷ, ಅವರು ಅದೇ ಕ್ಲಬ್ಬಿಗೆ ಆಡಿದರು. 2017ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿಯೇ ತೀರಿಕೊಂಡರು.

ಈ ಲೆಕ್ಕವನ್ನು ಗಮನಿಸಬೇಕು. ತೊಂಬತ್ತು ವರ್ಷದ ಆಯುಸ್ಸಿನಲ್ಲಿ ದೊಡ್ಡ ಆಟಕ್ಕೆ ಸಂದದ್ದು ಹತ್ತು-ಹನ್ನೆರಡು ವರ್ಷ. ಮೂವತ್ತೆರಡು-ಮೂವತ್ಮೂರಕ್ಕೆ ಕಾಲು ಸೋಲುತ್ತದೆ, ಹೊಟ್ಟೆ ಸೋಲುವುದಿಲ್ಲ. ಆದ್ದರಿಂದಲೇ ಬೆಂಗಳೂರಿನ ಐ.ಟಿ.ಐ., ಎಚ್.ಎ.ಎಲ್. ಮುಂತಾದ ಕಾರ್ಖಾನೆಗಳ ತಂಡಗಳಿಗೆ ಅಷ್ಟು ಮಹತ್ವವಿತ್ತು: ಆಟ ನಿಂತರೂ ಅಲ್ಲಿ ನೌಕರಿ ಉಳಿಯುತ್ತಿತ್ತು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್.ಸಿ.ಯಂತಹ ಕ್ಲಬ್ಬುಗಳು ಕೊಡುವುದು ಸಂಬಳದ ಕರಾರು. ಅದರಲ್ಲಿ ಹಣ ಹೆಚ್ಚು, ಅವಧಿ ಕಡಮೆ. ಕರಾರು ಮುಗಿದರೆ ಆಟಗಾರ ಗೋವೆಗೋ ಕೇರಳಕ್ಕೋ ಗಂಟುಕಟ್ಟಬೇಕು.

ಮಳೆ ಕೈಕೊಟ್ಟ ವರ್ಷ ನಮ್ಮ ತಾಲ್ಲೂಕುಗಳಿಂದ ಬೆಂಗಳೂರಿನ ಬಸ್ಸು ಹತ್ತುವವರನ್ನು ಕಂಡ ನಮಗೆ ಈ ಅಲೆದಾಟ ಹೊಸದೇನಲ್ಲ. ಕ್ಲಬ್ಬಿನಿಂದ ಕ್ಲಬ್ಬಿಗೆ ಹೋಗುವ ಆಟಗಾರನನ್ನು ನಿಷ್ಠೆಯಿಲ್ಲದವನೆಂದು ಜರೆಯುವುದು ಸುಲಭ. ಆದರೆ ಆತನೂ ದುಡಿಮೆಯನ್ನು ಅರಸಿ ಹೊರಟವನೇ.

ಹಾಗಾದರೆ ಹಿರಿಯರಿಗೆ ಕೊಡುವ ಉತ್ತರವೇನು? ಆಟ ಅನ್ನ ಹಾಕುತ್ತದೆ. ಆದರೆ ಎಲ್ಲರಿಗೂ ಅಲ್ಲ, ಬಾಳಿನುದ್ದಕ್ಕೂ ಅಲ್ಲ, ಹಲವು ವೇಳೆ ಸ್ವಂತ ಊರಿನಲ್ಲಿಯೂ ಅಲ್ಲ. ಆದ್ದರಿಂದ ಆಡುವ ಗೆಳೆಯರು ಪುಸ್ತಕವನ್ನು ಬಿಡದಿರಲಿ. ಓದುವ ಗೆಳೆಯರು ಮೈದಾನವನ್ನು ಹಗುರವಾಗಿ ಕಾಣದಿರಲಿ.