ಮಾಗಿಯ ಅತಿಥಿಗಳೂ ಛಾಯಾಗ್ರಾಹಕರೂ

ಹಿಮವನ್ನೂ ಹಿಮದ ನಾಡಿನ ಪ್ರಾಣಿಗಳನ್ನೂ ಚಿತ್ರದಲ್ಲಿ ಹಿಡಿಯುವುದು ಉತ್ತರ ದೇಶಗಳ ಅರಣ್ಯಕ್ಕೆ ಸಲ್ಲುವ ವಿದ್ಯೆ. ವಿಜಯಪುರದ ಬಯಲಿಗೂ ಅದಕ್ಕೂ ಏನು ಸಂಬಂಧ ಎಂದು ಕೇಳುವವರುಂಟು. ಸಮುದ್ರಮಟ್ಟದಿಂದ ಸುಮಾರು 600 ಮೀಟರು ಎತ್ತರದಲ್ಲಿರುವ ಈ ಎರೆಯ ನಾಡಿನಲ್ಲಿ ಕೆರೆಯ ನೀರು ಹೆಪ್ಪುಗಟ್ಟುವುದಿಲ್ಲವೆಂಬುದು ನಿಜ. ಆದರೆ ದೀಪಾವಳಿ ಕಳೆದು, ಹಿಂಗಾರಿ ಜೋಳ ಮೊಣಕಾಲೆತ್ತರಕ್ಕೆ ಬರುವ ಹೊತ್ತಿಗೆ, ಹಿಮ ಬೀಳುವ ನಾಡಿನ ಜೀವಿಗಳೇ ನಮ್ಮ ಸೀಮೆಯ ನೀರನ್ನರಸಿ ಬಂದಿಳಿಯುತ್ತವೆ. ಅವುಗಳ ಚಿತ್ರ ತೆಗೆಯಲು ಹೊರಟವರಿಗೆ ಅಲ್ಲಿಯ ವಿದ್ಯೆಯ ಸೂತ್ರಗಳು ಇಲ್ಲಿಯೂ ಬೇಕಾಗುತ್ತವೆ. ಕೆಲವು ಮಾತ್ರ ತಲೆಕೆಳಗಾಗಿ ಸಲ್ಲುತ್ತವೆ.

ಮೊದಲು ಇಬ್ಬನಿಯ ಮಾತು. ಮೋಡವಿಲ್ಲದ, ಗಾಳಿಯಾಡದ ರಾತ್ರಿಯಲ್ಲಿ ಹುಲ್ಲೂ ಎಲೆಯೂ ತಮ್ಮ ಶಾಖವನ್ನು ಬರಿಯ ಆಕಾಶಕ್ಕೆ ಸೂಸಿ ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತವೆ. ಗಾಳಿಯಲ್ಲಿರುವ ಆವಿ ಅವುಗಳ ಮೈಮೇಲೆ ಹನಿಯಾಗಿ ಕೂಡುತ್ತದೆ. ಎಲೆಯ ಉಷ್ಣತೆ ಸೊನ್ನೆ ಡಿಗ್ರಿಗಿಂತ ಕೆಳಗಿಳಿದರೆ ಅದೇ ಆವಿ ಹನಿಯಾಗದೆ ನೇರವಾಗಿ ಹಿಮದ ಹರಳಾಗುತ್ತದೆ. ಹಿಮಾಲಯದ ದೇವದಾರುವಿನ ಮೇಲಿನ ಹಿಮದ ಸೂಜಿಗೂ ತಿಕೋಟೆಯ ಜೋಳದ ಗರಿಯ ಮೇಲಿನ ಹನಿಗೂ ಇರುವ ಅಂತರ ಕೆಲವು ಡಿಗ್ರಿಗಳಷ್ಟೆ; ಎರಡನ್ನೂ ಉಂಟುಮಾಡುವ ಕ್ರಮ ಒಂದೇ. ಅಮೆರಿಕದ ವರ್ಮಾಂಟ್ ಸೀಮೆಯ ರೈತ ವಿಲ್ಸನ್ ಬೆಂಟ್ಲಿ 1885ರ ಜನವರಿ 15ರಂದು ಸೂಕ್ಷ್ಮದರ್ಶಕಕ್ಕೆ ಕ್ಯಾಮರಾ ಜೋಡಿಸಿ ಹಿಮದ ಒಂದು ಹರಳನ್ನು ಬಿಡಿಯಾಗಿ ಚಿತ್ರಿಸಿದನು. 1931ರಲ್ಲಿ ತೀರಿಕೊಳ್ಳುವ ವೇಳೆಗೆ ಅಂಥ ಚಿತ್ರಗಳು 5000ಕ್ಕೂ ಮಿಕ್ಕಿದ್ದವು. ಆತನು ಇಬ್ಬನಿಯನ್ನೂ ಅಷ್ಟೇ ಶ್ರದ್ಧೆಯಿಂದ ಚಿತ್ರಿಸಿದನೆಂಬುದು ಬಯಲುಸೀಮೆಯ ನಮಗೆ ಸಮಾಧಾನದ ಸಂಗತಿ. ಹನಿಯಾಗಲಿ ಹರಳಾಗಲಿ, ಬೆಳಕು ಅದರ ಹಿಂದಿನಿಂದ ಬಂದಾಗಲೇ ಹೊಳೆಯುವುದು. ಆದುದರಿಂದ ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು ನಿಲ್ಲಬೇಕೆಂಬ ಹಳೆಯ ಪಾಠವನ್ನು ಇಲ್ಲಿ ಬದಿಗಿರಿಸಬೇಕು. ಹನಿ ತುಂಬಿದ ಜೇಡರ ಬಲೆಯನ್ನು ಚಿತ್ರಿಸುವಾಗ ಕ್ಯಾಮರಾ ಬಲೆಗೆ ಸಮಾನಾಂತರವಾಗಿರಬೇಕು. ಓರೆಯಾದರೆ ಅರ್ಧ ಬಲೆ ಮಸುಕಾಗುವುದು.

ತಲೆಕೆಳಗಾಗುವ ಸೂತ್ರ ಬೆಳಕಿನ ಅಳತೆಗೆ ಸಂಬಂಧಪಟ್ಟದ್ದು. ಕ್ಯಾಮರಾದ ಬೆಳಕುಮಾಪಕವು ತನ್ನೆದುರಿಗೆ ಏನಿದ್ದರೂ ಅದನ್ನು ನಡುಬೂದು ಬಣ್ಣದ ವಸ್ತುವೆಂದೇ ಎಣಿಸುತ್ತದೆ. ಎದುರಿಗೆ ಹಿಮ ಹರಡಿದ್ದರೆ ಅದು ಬಿಳುಪನ್ನು ಅತಿ ಬೆಳಕೆಂದು ತಿಳಿದು ಕಡಿಮೆ ಮಾಡುವುದರಿಂದ ಹಿಮ ಬೂದಿಯಂತೆ ಮೂಡುತ್ತದೆ. ಅಲ್ಲಿಯವರು ಅದಕ್ಕಾಗಿ ಒಂದರಿಂದ ಎರಡು ಸ್ಟಾಪಿನಷ್ಟು ಬೆಳಕನ್ನು ಹೆಚ್ಚಿಸುತ್ತಾರೆ. ಬಬಲೇಶ್ವರದ ದಾರಿಯಲ್ಲಿ ಸಾರವಾಡದ ಬಳಿ ಡೋಣಿಯ ಎರಡೂ ದಂಡೆಗಳಲ್ಲಿ ಹಬ್ಬಿರುವ ಎರೆಯ ಮುಂದೆ ಇದೇ ಯಂತ್ರವನ್ನು ಹಿಡಿದರೆ ಕಪ್ಪನ್ನು ಕತ್ತಲೆಯೆಂದು ಭಾವಿಸಿ ಬೇಕಾದುದಕ್ಕಿಂತ ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳವೆನ್ನಿಸಿಕೊಂಡ ಆ ಮಣ್ಣು ಚಿತ್ರದಲ್ಲಿ ಬೂದಿಯಾಗಿ ಕಾಣುವುದಲ್ಲದೆ, ಅದರ ಮೇಲೆ ಕುಳಿತ ಬಿಳಿಯ ಹಕ್ಕಿಯ ಗರಿಗಳು ಒಂದೂ ತೋರದೆ ಹಾಲು ಚೆಲ್ಲಿದಂತಾಗುತ್ತವೆ. ನಾವು ಮಾಡಬೇಕಾದದ್ದು ಅವರು ಮಾಡುವುದಕ್ಕೆ ವಿರುದ್ಧ: ಅರ್ಧದಿಂದ ಒಂದು ಸ್ಟಾಪಿನವರೆಗೆ ಬೆಳಕನ್ನು ತಗ್ಗಿಸುವುದು.

ಚಳಿಯ ಕಾಟ ನಮಗೆ ಅಷ್ಟಿಲ್ಲ. ಹಿಮದ ಅರಣ್ಯದಲ್ಲಿ ಬ್ಯಾಟರಿಯ ಶಕ್ತಿ ಬೇಗ ಕುಗ್ಗುವುದರಿಂದ ಅದನ್ನು ಅಂಗಿಯ ಒಳಜೇಬಿನಲ್ಲಿ ಮೈಶಾಖಕ್ಕೆ ಇಟ್ಟುಕೊಳ್ಳುತ್ತಾರೆ. ನಮಗೆ ಆ ತೊಡಕಿಲ್ಲ. ಮಸೂರದ ಮೇಲೆ ಆವಿ ಕೂಡುವ ತೊಡಕು ಮಾತ್ರ ಇಬ್ಬರಿಗೂ ಉಂಟು. ಅಲ್ಲಿ ತಣ್ಣಗಾದ ಕ್ಯಾಮರಾವನ್ನು ಬೆಚ್ಚನೆಯ ಮನೆಯೊಳಗೆ ತಂದಾಗ, ಇಲ್ಲಿ ತಂಪುಯಂತ್ರವಿರುವ ಕಾರಿನಿಂದ ಕೆರೆಯ ತೇವದ ಗಾಳಿಗೆ ತೆಗೆದಾಗ ಗಾಜು ಮಬ್ಬಾಗುತ್ತದೆ. ಒರೆಸಿ ಫಲವಿಲ್ಲ. ಅರ್ಧ ಗಂಟೆ ಮೊದಲೇ ಚೀಲವನ್ನು ಮುಚ್ಚಿದಂತೆಯೇ ಹೊರಗಿರಿಸಿದರೆ ಸಾಕು. ಇನ್ನು, ಬಿಸಿಲೇರಿ ಎರೆ ಕಾದ ಮೇಲೆ ನೆಲದಿಂದೇಳುವ ಗಾಳಿಯ ಅಲೆಗಳು ದೂರದ ಹಕ್ಕಿಯನ್ನು ನಡುಗಿಸಿ ತೋರಿಸುತ್ತವೆ. ಎಷ್ಟೇ ಬೆಲೆಯ ಮಸೂರವೂ ಇದನ್ನು ಸರಿಪಡಿಸಲಾರದು. ಸೂರ್ಯೋದಯದಿಂದ ಎರಡು ತಾಸಿನೊಳಗೆ ಕೆಲಸ ಮುಗಿಯಬೇಕು.

ಈಗ ಅತಿಥಿಗಳ ವಿಚಾರ. ಕಜಕಸ್ತಾನದ ಹುಲ್ಲುಬಯಲುಗಳಿಂದ ಸೆಳೆವಗಳೆಂಬ ಗಿಡುಗದ ಜಾತಿಯ ಹಕ್ಕಿಗಳು ದಖ್ಖಣದ ಬಯಲಿಗೆ ಬಂದು ಹೊಲಗಳ ಮೇಲೆ ತಗ್ಗಿನಲ್ಲಿ ತೇಲಾಡುತ್ತವೆ. ಆಲಮಟ್ಟಿಯ ಹಿನ್ನೀರಿಗೆ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಬೂದುಮೈ, ಬಿಳಿಯ ತಲೆ, ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ: ಇವುಗಳನ್ನು ಗುರುತಿಸುವುದು ಸುಲಭ. ಮಂಗೋಲಿಯ, ಟಿಬೆಟ್ಟುಗಳ ಸರೋವರಗಳಲ್ಲಿ ಮರಿಮಾಡಿ, ಅವು ಹೆಪ್ಪುಗಟ್ಟುವ ಮುನ್ನ ಹಿಮಾಲಯವನ್ನು ದಾಟಿ ಬರುತ್ತವೆ. ಯಂತ್ರ ಕಟ್ಟಿ ಅಳೆದಾಗ ಒಂದು ಹೆಬ್ಬಾತು 7,290 ಮೀಟರು ಎತ್ತರದಲ್ಲಿ ಹಾರಿದ್ದುದು ಕಂಡುಬಂದಿದೆ. ವಿಜಯಪುರದ ಬೇಗಂ ತಲಾಬ 1651ರದು. ಬಬಲೇಶ್ವರ ತಾಲೂಕಿನ ಮಮದಾಪುರದ ಹಿರಿಯ ಕೆರೆಯೂ ಗೋಳಗುಮ್ಮಟವನ್ನು ಕಟ್ಟಿಸಿದ ಮಹಮ್ಮದ ಆದಿಲ್‌ಶಾಹನ ಕಾಲದ್ದು. ಜನರ ದಾಹಕ್ಕೆಂದು ತೋಡಿದ ಇಂಥ ಕೆರೆಗಳೇ ಬಯಲುಸೀಮೆಯ ನೀರುಹಕ್ಕಿಗಳಿಗೆ ಆಸರೆ. ಕೃಷ್ಣೆಯ ನೀರನ್ನು ಏತದಿಂದ ಎತ್ತಿ ಕೆರೆಗಳಿಗೆ ತುಂಬಿಸುವ ಕಾರ್ಯ ಜಿಲ್ಲೆಯಲ್ಲಿ ನಡೆದಂದಿನಿಂದ ಈ ಆಸರೆ ಹಿಂದಿನಷ್ಟು ಮಳೆಯ ಕೃಪೆಗೆ ಬಿಟ್ಟದ್ದಾಗಿಲ್ಲ.

ಚಿತ್ರಕಾರನು ಮರೆಯಲಾಗದ ಲೆಕ್ಕವೊಂದು ಇಲ್ಲಿದೆ. ಎರಡು ಮೂರು ಕಿಲೋ ತೂಗುವ ಈ ಹಕ್ಕಿ ಮಾರ್ಚಿನ ಹೊತ್ತಿಗೆ ಮತ್ತೆ ಆ ಪರ್ವತವನ್ನು ದಾಟಬೇಕು. ಅದಕ್ಕೆ ಬೇಕಾದ ಕೊಬ್ಬನ್ನು ನಮ್ಮ ನಾಡಿನ ಮೇವಿನಿಂದಲೇ ಕೂಡಿಸಿಕೊಳ್ಳಬೇಕು. ಹಾರಾಟಕ್ಕೆ ತಗಲುವ ಶಕ್ತಿ ವಿಶ್ರಾಂತಿಗಿಂತ ಅನೇಕ ಪಾಲು ಹೆಚ್ಚು. ‘ಹಾರುವ ಚಿತ್ರ ಬೇಕು’ ಎಂದು ಕಲ್ಲೆಸೆದು, ಚಪ್ಪಾಳೆ ತಟ್ಟಿ ಹಿಂಡನ್ನೆಬ್ಬಿಸುವವರು ಆ ಗಂಟಿನಿಂದಲೇ ಕದಿಯುತ್ತಾರೆ. ಉತ್ತರದ ಅರಣ್ಯದಲ್ಲಿ ಆಳವಾದ ಹಿಮದೊಳಗೆ ಜಿಂಕೆಯನ್ನು ಓಡಿಸುವುದೂ ಇಂಥದೇ. ಶರತ್ಕಾಲದಲ್ಲಿ ಕೂಡಿಟ್ಟ ಕೊಬ್ಬು ಅಲ್ಲಿ ವಸಂತದವರೆಗೆ ಬರಬೇಕು. ಇದು ಹೊಸ ವಿವೇಕವೇನಲ್ಲ. ಉತ್ತರ ಹಿಂದೂಸ್ಥಾನದ ಕಾಡುಗಳಲ್ಲಿ ಅರಣ್ಯಾಧಿಕಾರಿಯಾಗಿದ್ದ ಎಫ್. ಡಬ್ಲ್ಯು. ಚಾಂಪಿಯನ್ 1927ರ ತಮ್ಮ ಗ್ರಂಥದಲ್ಲಿ ಪ್ರಕಟಿಸಿದ ಹುಲಿಯ ಚಿತ್ರಗಳಲ್ಲಿ ಹಲವನ್ನು ಹುಲಿಯೇ ತೆಗೆದುಕೊಂಡದ್ದೆನ್ನಬೇಕು. ದಾರಿಗೆ ಅಡ್ಡವಾಗಿ ಕಟ್ಟಿದ ತಂತಿಯನ್ನು ಅದು ತುಳಿದಾಗ ಕ್ಯಾಮರಾ ತಾನಾಗಿ ತೆರೆಯುತ್ತಿತ್ತು. ಹುಲಿಯ ದಾರಿಯನ್ನರಿತು ಕಾಯುವುದು, ಹುಲಿಯನ್ನು ಅಟ್ಟದಿರುವುದು ಅವರ ಕ್ರಮ. ನಮ್ಮವರೇ ಆದ ಸಂಡೂರಿನ ಎಂ. ವೈ. ಘೋರ್ಪಡೆಯವರೂ ಕಪ್ಪುಬಿಳುಪಿನ ವನ್ಯಚಿತ್ರಗಳಿಂದ ಲೋಕದ ಮನ್ನಣೆ ಪಡೆದವರು.

ಕೆರೆಯಂಗಳದಲ್ಲಿ ಇದನ್ನು ಆಚರಿಸುವುದು ಕಷ್ಟವಲ್ಲ. ಕತ್ತಲಿರುವಾಗಲೇ ಹೋಗಿ ಕುಳಿತುಕೊಳ್ಳಬೇಕು. ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಹೆಬ್ಬಾತುಗಳು ರಾತ್ರಿ ಹೊಲಗಳಲ್ಲಿ ಮೇದು ಬೆಳಗ್ಗೆ ನೀರಿಗೆ ಮರಳುತ್ತವೆ. ಮೊದಲೇ ಕುಳಿತವನೆದುರಿಗೆ ಹಾರುವ ಚಿತ್ರ ತಾನಾಗಿಯೇ ಇಳಿದು ಬರುತ್ತದೆ. ನಡೆದು ಬರುವ ಮನುಷ್ಯನಿಗೆ ಬೆದರುವ ಹಕ್ಕಿ ನಿಂತ ಗಾಡಿಗೆ ಅಷ್ಟು ಬೆದರದು. ಹಿಂಡಿನಲ್ಲಿ ಒಂದೆರಡು ಕತ್ತುಗಳು ನೆಟ್ಟಗಾದರೆ ಅದು ಎಚ್ಚರಿಕೆಯ ಸೂಚನೆ, ಅಲ್ಲಿಗೇ ನಿಲ್ಲಬೇಕು. ಎಲ್ಲ ಕತ್ತುಗಳೂ ಎದ್ದರೆ ಹಿಂದೆ ಸರಿಯಬೇಕು. ಹೊಲದೊಡೆಯನ ಅಪ್ಪಣೆಯಿಲ್ಲದೆ ಕಡಲೆಯಲ್ಲಿ ಕಾಲಿಡಲೇಬಾರದು. ಹೆಬ್ಬಾತು ಮೇದ ಕಡಲೆಯ ನಷ್ಟವನ್ನು ಆತ ಹೇಗೋ ತಾಳಿಕೊಂಡಿರುತ್ತಾನೆ. ಚಿತ್ರಕಾರರು ತುಳಿದದ್ದನ್ನೂ ತಾಳಬೇಕೆಂದರೆ ಆತನ ಸಿಟ್ಟು ಕಡೆಗೆ ಬೀಳುವುದು ಹಕ್ಕಿಯ ಮೇಲೆ. ಎಳ್ಳಮಾವಾಸ್ಯೆಯ ದಿನ ಮನೆಮಂದಿಯೆಲ್ಲ ಹೊಲಕ್ಕೆ ಬಂದು ಚರಗ ಚೆಲ್ಲುತ್ತಾರೆ. ಆ ದಿನ ಹಕ್ಕಿಯ ಚಿತ್ರದ ಆಸೆ ಬಿಟ್ಟು ಹೊಲದೂಟಕ್ಕೆ ಕುಳಿತುಕೊಳ್ಳುವುದೇ ಮೇಲು.

ತೆಗೆದ ಚಿತ್ರಗಳನ್ನು ಮನೆಯಲ್ಲಿ ಹಿಗ್ಗಿಸಿ ನೋಡುವಾಗ ಹೆಬ್ಬಾತಿನ ಕತ್ತನ್ನು ಗಮನಿಸಬೇಕು. ಮಂಗೋಲಿಯದಲ್ಲಿ ಅಕ್ಷರ ಅಂಕಿಗಳುಳ್ಳ ಪಟ್ಟಿಯನ್ನು ಕತ್ತಿಗೆ ತೊಡಿಸಿ ಬಿಟ್ಟ ಹಕ್ಕಿಗಳು ಕರ್ನಾಟಕದ ಕೆರೆಗಳಲ್ಲಿ ಕಂಡುಬಂದಿವೆ. ಅಂಥದು ಸಿಕ್ಕಿದರೆ ಪಟ್ಟಿಯ ಬಣ್ಣ, ಅದರ ಮೇಲಿನ ಬರಹ, ಕೆರೆಯ ಹೆಸರು, ದಿನಾಂಕ ಇವಿಷ್ಟನ್ನು ಚಿತ್ರದೊಡನೆ ಅರಣ್ಯ ಇಲಾಖೆಗೆ ತಿಳಿಸಬೇಕು. ಚಿತ್ರ ಅಂದವಾಗಿರದಿದ್ದರೂ ಚಿಂತೆಯಿಲ್ಲ, ಅಂಕಿಯನ್ನು ಓದಲು ಬಂದರಾಯಿತು.