ಒಲೆ ನೋಡಿ ಕಾಲೇಜು ಆರಿಸಿ

ಕ್ಯಾಲಿಫೋರ್ನಿಯಾದ ಕನ್ನಡ ಕೂಟಗಳ ಯುಗಾದಿ ಊಟದಲ್ಲಿ ಬಿಸಿಬೇಳೆಬಾತ್ ಹದವಾಗಿ ಬಂದರೆ ಮಾಡಿದವರಿಗೆ ಒಂದು ಮಾತು ತಪ್ಪದು: ‘ನೀವೊಂದು ಹೋಟೆಲ್ ಇಡಬಹುದಲ್ರೀ!’ ಹೇಳಿದವರು ಕೈತೊಳೆದು ಮನೆಗೆ ಹೋಗುತ್ತಾರೆ. ಕೇಳಿಸಿಕೊಂಡವರಲ್ಲಿ ಕೆಲವರು ಅದನ್ನು ಮನಸ್ಸಿಗೆ ಹಚ್ಚಿಕೊಂಡು ಅಡುಗೆ ಶಾಲೆಗಳನ್ನು ಹುಡುಕತೊಡಗುತ್ತಾರೆ. ಮೊದಲು ಎದುರಾಗುವುದು ದೊಡ್ಡ ಹೆಸರುಗಳು. ಅವುಗಳ ಶುಲ್ಕ ಓದಿದ ಮೇಲೆ ಆಸೆ ಅಲ್ಲಿಗೇ ತಣ್ಣಗಾಗುತ್ತದೆ. ಊರೊಳಗೇ ಇರುವ ಸರ್ಕಾರಿ ಕಮ್ಯುನಿಟಿ ಕಾಲೇಜು ಕಣ್ಣಿಗೆ ಬೀಳುವುದಿಲ್ಲ. ಬಿದ್ದರೂ, ಕೇಳಿದವರಿಗೆಲ್ಲ ಸೀಟು ಕೊಡುವ ಕಾಲೇಜು ತಾನೇ ಎಂಬ ತಾತ್ಸಾರ.

ಆ ತಾತ್ಸಾರಕ್ಕೆ ಚರಿತ್ರೆಯ ಬೆಂಬಲವಿಲ್ಲ. ಅಮೆರಿಕದ ಅತಿ ಹಳೆಯ ಸರ್ಕಾರಿ ಕಮ್ಯುನಿಟಿ ಕಾಲೇಜು ಇಲಿನಾಯ್ ರಾಜ್ಯದ ಜೋಲಿಯೆಟ್‌ನದು, 1901ರದ್ದು. ಅಲ್ಲಿ ಇಂದಿಗೂ ಪಾಕಶಾಸ್ತ್ರ ಕಲಿಸುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೊದ ಸಿಟಿ ಕಾಲೇಜು 1935ರಲ್ಲಿ ಆರಂಭವಾಯಿತು, ಮರುವರ್ಷವೇ ಹೋಟೆಲ್ ವಿಭಾಗ ತೆರೆಯಿತು. ಈಗ ಎಲ್ಲರ ಬಾಯಲ್ಲಿರುವ ‘ಕಲಿನರಿ ಇನ್‌ಸ್ಟಿಟ್ಯೂಟ್ ಆಫ್ ಅಮೆರಿಕ’ ಹುಟ್ಟಿದ್ದು ಅದಕ್ಕೂ ಹತ್ತು ವರ್ಷ ತಡವಾಗಿ, 1946ರಲ್ಲಿ, ಎರಡನೇ ಮಹಾಯುದ್ಧದಿಂದ ಮರಳಿದ ಸೈನಿಕರಿಗೊಂದು ಕಸುಬು ಕಲಿಸಲೆಂದು.

ಇನ್ನು ಲೆಕ್ಕ. ಕ್ಯಾಲಿಫೋರ್ನಿಯಾದ ನಿವಾಸಿಗಳಿಗೆ ಕಮ್ಯುನಿಟಿ ಕಾಲೇಜಿನ ಶುಲ್ಕ ಒಂದು ಯೂನಿಟ್ ಪಾಠಕ್ಕೆ 46 ಡಾಲರ್. ಎರಡು ವರ್ಷದ ಅಸೋಸಿಯೇಟ್ ಪದವಿಗೆ 60 ಯೂನಿಟ್ ಬೇಕು. ಅಂದರೆ 2,760 ಡಾಲರ್. ಇದರ ಮೇಲೆ ಚಾಕುಗಳ ಕಿಟ್, ಬಿಳಿ ಕೋಟು, ಜಾರದ ಬೂಟು, ಪುಸ್ತಕ. ದೊಡ್ಡ ಹೆಸರಿನ ಶಾಲೆಯ ಒಂದೇ ಸೆಮಿಸ್ಟರಿಗೆ ಇದರ ಐದು ಪಟ್ಟಿಗೂ ಹೆಚ್ಚು ಕೊಡಬೇಕಾಗುತ್ತದೆ.

ಹಣ ಸುರಿದರೆ ಕೆಲಸ ಸಿಕ್ಕೀತು ಎಂದು ನಂಬಿ ಕೈಸುಟ್ಟುಕೊಂಡವರ ಕಥೆ ಸ್ಯಾನ್ ಫ್ರಾನ್ಸಿಸ್ಕೊದಲ್ಲೇ ಇದೆ. ಅಲ್ಲಿನ ಕ್ಯಾಲಿಫೋರ್ನಿಯಾ ಕಲಿನರಿ ಅಕಾಡೆಮಿ ಪ್ಯಾರಿಸ್ಸಿನ ‘ಲ ಕಾರ್ಡೊ ಬ್ಲೂ’ ಹೆಸರನ್ನು ಹಚ್ಚಿಕೊಂಡು ನಡೆಯುತ್ತಿದ್ದ ಖಾಸಗಿ ಶಾಲೆ. ಉದ್ಯೋಗದ ಬಗ್ಗೆ ತಪ್ಪು ಭರವಸೆ ಕೊಟ್ಟು ಸೇರಿಸಿಕೊಂಡರು ಎಂದು ಹಳೆಯ ವಿದ್ಯಾರ್ಥಿಗಳು ದಾವೆ ಹೂಡಿದರು. ಪ್ರಕರಣ 4 ಕೋಟಿ ಡಾಲರ್ ರಾಜಿಯಲ್ಲಿ ಮುಗಿಯಿತು. 2015ರ ಡಿಸೆಂಬರ್‌ನಲ್ಲಿ ಆ ಹೆಸರಿನ ಶಾಲೆಗಳ ಸರಪಳಿಯ ಮಾಲೀಕ ಕಂಪನಿ ಅಮೆರಿಕದಲ್ಲಿದ್ದ ತನ್ನ 16 ಶಾಲೆಗಳನ್ನೂ ಮುಚ್ಚುವುದಾಗಿ ಹೇಳಿತು. 2017ರ ಹೊತ್ತಿಗೆ ಮುಚ್ಚಿದವು. ಶಾಲೆಗೆ ಬೀಗ ಬಿದ್ದಮಾತ್ರಕ್ಕೆ, ಸಾಲ ಮಾಡಿ ಓದಿ ಮುಗಿಸಿದವರ ಸಾಲ ತೀರುವುದಿಲ್ಲ.

ಯಾವ ಶಾಲೆಯಿಂದ ಬಂದರೂ ಹೆಚ್ಚಿನವರಿಗೆ ಮೊದಲು ಸಿಗುವುದು ಲೈನ್ ಕುಕ್ ಕೆಲಸ. ಸಾಲಾಗಿ ನಿಂತ ಒಲೆಗಳ ಮುಂದೆ ಒಂದೇ ಜಾಗ, ಸಂಜೆಯಿಂದ ಮಧ್ಯರಾತ್ರಿವರೆಗೆ ಅದೇ ನಾಲ್ಕು ತಿನಿಸು. 2024ರಲ್ಲಿ ಕ್ಯಾಲಿಫೋರ್ನಿಯಾದ ಕನಿಷ್ಠ ಕೂಲಿ ಗಂಟೆಗೆ 16 ಡಾಲರ್ ಇತ್ತು. ಹೊಸಬರ ಸಂಬಳ ಅದರ ಆಸುಪಾಸಿನಲ್ಲೇ. ಉಡುಪಿ ಹೋಟೆಲುಗಳ ಒಳಮನೆ ಕಂಡವರಿಗೆ ಇದೇನೂ ಹೊಸದಲ್ಲ. ಲೋಟ ತೊಳೆಯಲು ಸೇರಿದ ಹುಡುಗ ಸಪ್ಲೈಯರ್ ಆಗಿ, ತರಕಾರಿ ಹೆಚ್ಚಿ, ಹಿಟ್ಟು ರುಬ್ಬಿ, ಭಟ್ಟರ ಒಲೆಯ ಹತ್ತಿರ ಬರಲು ವರ್ಷಗಳೇ ಹಿಡಿಯುತ್ತಿದ್ದವು. ವ್ಯತ್ಯಾಸವೆಂದರೆ, ಆ ಹುಡುಗ ಕಲಿಯುವಾಗ ಸಾಲಗಾರನಾಗಿರಲಿಲ್ಲ.

ಹಾಗೆಂದು ಎಲ್ಲ ಕಮ್ಯುನಿಟಿ ಕಾಲೇಜೂ ಒಂದೇ ಎನ್ನಲಾಗದು. ಕ್ಯಾಲಿಫೋರ್ನಿಯಾ ಒಂದರಲ್ಲೇ 116 ಇವೆ. ಎಲ್ಲದರಲ್ಲೂ ಅಡುಗೆ ವಿಭಾಗವಿಲ್ಲ, ಇರುವ ಕಡೆ ಗುಣಮಟ್ಟ ಒಂದೇ ಅಲ್ಲ. ಮಾಹಿತಿ ಪುಸ್ತಿಕೆ ಓದಿ ಆರಿಸುವುದು ಹೆಣ್ಣು ನೋಡದೆ ಜಾತಕ ಕೂಡಿಸಿದಂತೆ. ತರಗತಿ ನಡೆಯುವಾಗಲೇ ಅಡುಗೆಮನೆಗೆ ಹೋಗಿ ನಿಲ್ಲಬೇಕು. ಒಂದು ಒಲೆಗೆ ಎಷ್ಟು ಜನ? ನಾಲ್ವರು ಸುತ್ತ ನಿಂತು ಒಬ್ಬನು ಸೌಟು ಆಡಿಸುತ್ತಿದ್ದರೆ ಉಳಿದ ಮೂವರು ಪ್ರೇಕ್ಷಕರೇ. ಮಾಡಿದ್ದನ್ನು ಯಾರು ತಿನ್ನುತ್ತಾರೆ? ಇದನ್ನಂತೂ ಕೇಳದೆ ಬರಬಾರದು. ಒಳ್ಳೆಯ ವಿಭಾಗಗಳಲ್ಲಿ ವಿದ್ಯಾರ್ಥಿಗಳೇ ನಡೆಸುವ ಊಟದ ಮನೆ ಇರುತ್ತದೆ. ಹೊರಗಿನವರು ದುಡ್ಡು ಕೊಟ್ಟು ಬಂದು ಕೂರುತ್ತಾರೆ. ಹಸಿದ ಗಿರಾಕಿ ಹೊರಗೆ ಗಡಿಯಾರ ನೋಡುತ್ತಿರುವಾಗ ಒಳಗೆ ಕಲಿಯುವ ಪಾಠವೇ ಬೇರೆ. ಸಾಧ್ಯವಾದರೆ ಅಲ್ಲೊಂದು ಊಟ ಮಾಡಿ ಬನ್ನಿ. 1929ರಲ್ಲಿ ಸ್ಥಾಪನೆಯಾದ ಅಮೆರಿಕನ್ ಕಲಿನರಿ ಫೆಡರೇಶನ್ನಿನ ಮಾನ್ಯತೆ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಕೆಟ್ಟ ಕಾಲೇಜೆಂದು ಅರ್ಥವಲ್ಲ.

ಮನೆಯಲ್ಲಿ ಇಪ್ಪತ್ತು ವರ್ಷ ಅಡುಗೆ ಮಾಡಿದವರಿಗೆ ಅಲ್ಲಿ ಕಲಿಯಲು ಏನಿದೆ ಎನ್ನುವವರಿದ್ದಾರೆ. ಸಾರಿನ ರುಚಿಯನ್ನು ಅಲ್ಲಿ ಯಾರೂ ನಿಮಗೆ ಕಲಿಸಲಾರರು, ನಿಜ. ಆದರೆ ಇನ್ನೂರು ಜನರಿಗೆ ಮಾಡಿ ಮಿಕ್ಕ ಸಾಂಬಾರನ್ನು ಏನು ಮಾಡುತ್ತೀರಿ? ನಮ್ಮಲ್ಲಿ ಮುಚ್ಚಿಟ್ಟು, ಬೆಳಿಗ್ಗೆ ಇನ್ನೊಮ್ಮೆ ಕುದಿಸುವುದು ವಾಡಿಕೆ. ಅಲ್ಲಿಯ ನಿಯಮದಂತೆ 5ರಿಂದ 57 ಡಿಗ್ರಿ ಸೆಲ್ಸಿಯಸ್‌ವರೆಗಿನದು ಅಪಾಯದ ವಲಯ. ಬಿಸಿ ಪದಾರ್ಥವನ್ನು ಎರಡು ಗಂಟೆಯೊಳಗೆ 57ರಿಂದ 21ಕ್ಕೆ, ಆಮೇಲಿನ ನಾಲ್ಕು ಗಂಟೆಯಲ್ಲಿ 5ಕ್ಕೆ ಇಳಿಸಬೇಕು. ದೊಡ್ಡ ಕೊಳಗದ ನಡುಭಾಗ ಅಷ್ಟು ಬೇಗ ಆರುವುದಿಲ್ಲ. ಹಾಗಾಗಿ ಅಗಲವಾದ ತಟ್ಟೆಗಳಿಗೆ ತೆಳ್ಳಗೆ ಸುರಿಯುವುದು, ಐಸ್ ನೀರಿನಲ್ಲಿ ಪಾತ್ರೆ ಇಳಿಸಿ ಕಲಕುವುದು, ಥರ್ಮಾಮೀಟರ್ ಚುಚ್ಚಿ ಬರೆದಿಡುವುದು ಎಲ್ಲವೂ ದಿನಚರಿ. ಅಲ್ಲಿ ಹೋಟೆಲ್ ಇಡುವ ಕನಸಿರುವವರಿಗೆ ಐದು ಬಗೆಯ ಫ್ರೆಂಚ್ ಸಾಸ್‌ಗಳಿಗಿಂತ ಇದೇ ಮುಖ್ಯ ಎಂಬುದು ನನ್ನ ಎಣಿಕೆ. ಕ್ಯಾಲಿಫೋರ್ನಿಯಾದಲ್ಲಿ ಪ್ರತಿ ಹೋಟೆಲಿನಲ್ಲಿ ಒಬ್ಬರಾದರೂ ಆಹಾರ ಸುರಕ್ಷತೆಯ ಪರೀಕ್ಷೆ ಪಾಸಾಗಿರಲೇಬೇಕು. ಆ ಪ್ರಮಾಣಪತ್ರದ ಆಯಸ್ಸು ಐದು ವರ್ಷ.

ಸಸ್ಯಾಹಾರಿಗಳು ಸೇರುವ ಮೊದಲೇ ಬಾಯಿಬಿಟ್ಟು ಕೇಳಬೇಕಾದ ಮಾತೊಂದಿದೆ. ಇಡೀ ಕೋಳಿಯನ್ನು ತುಂಡು ಮಾಡುವುದು, ಮೀನು ಬಿಡಿಸುವುದು, ಮೂಳೆ ಕುದಿಸಿ ಸ್ಟಾಕ್ ತೆಗೆಯುವುದು ಸಾಮಾನ್ಯವಾಗಿ ಪಠ್ಯದ ಬುನಾದಿಯಲ್ಲೇ ಇರುತ್ತವೆ. ರುಚಿ ನೋಡದೆ ಅಂಕ ಕೊಡುತ್ತಾರೆಯೇ ಎಂಬುದು ಅಧ್ಯಾಪಕರನ್ನು ಅವಲಂಬಿಸಿದೆ. ಭಾರತದಲ್ಲಿ ಅಹಮದಾಬಾದ್, ಭೋಪಾಲ್, ಜೈಪುರದ ಸರ್ಕಾರಿ ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆಗಳು ಸಸ್ಯಾಹಾರಿ ಅಡುಗೆಯನ್ನೇ ಆರಿಸಿಕೊಳ್ಳುವ ಅವಕಾಶ ತಂದವು. ಅಮೆರಿಕದ ಕಮ್ಯುನಿಟಿ ಕಾಲೇಜಿನಲ್ಲಿ ಅಂಥದ್ದನ್ನು ನಿರೀಕ್ಷಿಸುವಂತಿಲ್ಲ. ಬೇಕಿಂಗ್ ವಿಭಾಗಕ್ಕೆ ಹೋದರೆ ಕೋಳಿ ತಪ್ಪೀತು, ಮೊಟ್ಟೆ ತಪ್ಪದು.

ಗಂಡನೋ ಹೆಂಡತಿಯೋ ಎಚ್-1ಬಿ ಉದ್ಯೋಗ ವೀಸಾ ಮೇಲಿದ್ದು ತಾವು ಎಚ್-4 ವೀಸಾದಲ್ಲಿ ಮನೆಯಲ್ಲಿ ಕೂತವರು ಓದಲು ಅಡ್ಡಿಯಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ವರ್ಷಕ್ಕೂ ಹೆಚ್ಚು ನೆಲೆಸಿ, ಅಲ್ಲೇ ಇರುವ ಉದ್ದೇಶಕ್ಕೆ ದಾಖಲೆ ಕೊಟ್ಟರೆ ಅವರಿಗೂ ನಿವಾಸಿಗಳ 46 ಡಾಲರ್ ದರ ಸಿಗುತ್ತದೆ. ಎಫ್-1 ವಿದ್ಯಾರ್ಥಿ ವೀಸಾದವರಿಗೆ ಈ ದಾರಿಯಿಲ್ಲ, ಅವರದು ಹಲವು ಪಟ್ಟು ಹೆಚ್ಚಿನ ಶುಲ್ಕ. ತೊಡಕು ಬರುವುದು ಓದು ಮುಗಿಸಿದ ಮೇಲೆ. ಕೆಲಸದ ಪರವಾನಗಿ ಇಲ್ಲದ ಎಚ್-4ನವರು ಸಂಬಳಕ್ಕೆ ದುಡಿಯುವಂತಿಲ್ಲ. 2015ರಿಂದ ಗ್ರೀನ್ ಕಾರ್ಡ್ ಸರದಿಯಲ್ಲಿ ಒಂದು ಹಂತ ದಾಟಿದವರ ಸಂಗಾತಿಗಳಿಗೆ ಮಾತ್ರ ಆ ಪರವಾನಗಿ ಸಿಗುತ್ತಿದೆ. ಆದ್ದರಿಂದ ಹೊರಗಿನ ಹೋಟೆಲಿನಲ್ಲಿ ಇಂಟರ್ನ್‌ಶಿಪ್ ಕಡ್ಡಾಯವೇ, ಅದರ ಬದಲು ಕಾಲೇಜಿನ ಅಡುಗೆಮನೆಯಲ್ಲೇ ಮುಗಿಸಬಹುದೇ ಎಂದು ಸೇರುವ ಮೊದಲೇ ಕೇಳಿಕೊಳ್ಳಿ.

ಊರಿನಲ್ಲಿ ಬಿ.ಇ., ಬಿ.ಕಾಂ. ಮುಗಿಸಿದವರು ಇಂಗ್ಲಿಷು, ಗಣಿತಕ್ಕೆಲ್ಲ ಮತ್ತೆ ಕೂರಲೇಬೇಕೆಂದಿಲ್ಲ. ಪದವಿಯ ಗೊಡವೆ ಬಿಟ್ಟು ಬರೀ ಅಡುಗೆ ವಿಷಯಗಳ ಸರ್ಟಿಫಿಕೇಟ್ ತೆಗೆದುಕೊಂಡರೆ ಖರ್ಚೂ ಕಡಿಮೆ, ಅವಧಿಯೂ ಕಡಿಮೆ. ಆಗಸ್ಟ್‌ನಲ್ಲಿ ಶುರುವಾಗುವ ಸೆಮಿಸ್ಟರಿಗೆ ನೋಂದಣಿ ಬೇಸಿಗೆಗೂ ಮೊದಲೇ ತೆರೆಯುತ್ತದೆ. ಥಿಯರಿ ತರಗತಿಯಲ್ಲಿ ಇನ್ನೊಂದು ಕುರ್ಚಿ ಹಾಕಿಸಬಹುದು, ಅಡುಗೆಮನೆಯಲ್ಲಿ ಇರುವ ಒಲೆಗಳಷ್ಟೇ. ತಡಮಾಡಿದರೆ ಹೆಸರು ಕಾಯುವವರ ಪಟ್ಟಿಗೆ ಹೋಗುತ್ತದೆ.